ಹಳೆಯ ಆಸ್ಟಿನ್‌ನ ಮುಂದಿನ ಬ್ರೇಕು: ನಟ್ಟಿಗೆ ಕೈ ಹಾಕುವ ಮುನ್ನ

ಮೈಸೂರಿನಿಂದ ಕೇಳುತ್ತಿರುವುದು

ತಾತನವರ 1933ರ ಆಸ್ಟಿನ್ ಸೆವೆನ್ ಕಾರು ಹನ್ನೆರಡು ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಹೊರೆ ಹೊತ್ತು ನಿಂತಿತ್ತು. ಎಂಜಿನ್ ಬಿಚ್ಚಿಸಿ, ಟೈರು ಹಾಕಿಸಿ, ಕಳೆದ ದೀಪಾವಳಿಯಿಂದ ಓಡಿಸುತ್ತಿದ್ದೇನೆ. ಓಡುವುದರಲ್ಲಿ ತಕರಾರಿಲ್ಲ, ತಕರಾರು ನಿಲ್ಲುವುದರಲ್ಲಿದೆ. ಪೆಡಲ್ ತುಳಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಜೋರಾಗಿ ತುಳಿದರೆ ಸ್ಟೀರಿಂಗನ್ನು ಕೈಯಿಂದ ಯಾರೋ ಕಿತ್ತುಕೊಂಡಂತಾಗುತ್ತದೆ. ಮುಂದಿನ ಕೇಬಲ್ ಹೊಸದು ಹಾಕಿಸಿದೆ, ಗುಣ ಕಾಣಲಿಲ್ಲ. ಗಾಡಿಯ ಕೆಳಗೆ ಕೇಬಲ್ ಬಿಗಿ ಮಾಡಲು ಇರುವ ವಿಂಗ್ ನಟ್ಟನ್ನು (ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟು) ಬಿಗಿ ಮಾಡುತ್ತಾ ಹೋದೆ. ಈಗ ಮುಂದಿನ ಎಡ ಚಕ್ರ ಪೆಡಲ್ ಮುಟ್ಟದಿದ್ದರೂ ಉಜ್ಜುತ್ತದೆ. ಬಲ ಚಕ್ರ ಬಾವಿಯ ರಾಟೆಯಂತೆ ಸಲೀಸಾಗಿ ತಿರುಗುತ್ತದೆ. ನಟ್ಟಿನಲ್ಲಿ ಮೂರು ಸುತ್ತಿಗಾಗುವಷ್ಟು ಥ್ರೆಡ್ ಮಾತ್ರ ಉಳಿದಿದೆ.

ಗ್ಯಾರೇಜಿಗೆ ಒಯ್ದರೆ ಅಲ್ಲಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ 'ಬ್ಲೀಡ್ ಮಾಡಿ ನೋಡೋಣ ಸಾರ್' ಎಂದ, ಎಂದರೆ ಬ್ರೇಕ್ ಎಣ್ಣೆಯೊಳಗಿನ ಗಾಳಿ ತೆಗೆಯೋಣ ಎಂದು. ಇದರಲ್ಲಿ ಬ್ರೇಕ್ ಎಣ್ಣೆಯೇ ಇಲ್ಲ, ಬರೀ ತಂತಿ ಎಂದು ತೋರಿಸಿದೆ. ಗಾಡಿಯ ಕೆಳಗೆ ಮಲಗಿ ಐದು ನಿಮಿಷ ನೋಡಿದ ಅವನು ಎದ್ದು ಕೈ ಒರೆಸಿಕೊಂಡು, 'ಇದು ಸೈಕಲ್ ಅಂಗಡಿಯವರ ಕೆಲಸ' ಎಂದು ಬಿಟ್ಟ. ಕೇಬಲ್ ಬ್ರೇಕಿನ ಗಾಡಿಗಳನ್ನು ಇಟ್ಟುಕೊಂಡವರು ಯಾವ ಕ್ರಮದಲ್ಲಿ ಹೊಂದಿಸುತ್ತೀರಿ? ಮುಂದಿನ ತಿಂಗಳು ಮನೆಮಂದಿಯನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುವುದಾಗಿ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ಹುಬ್ಬಳ್ಳಿಯಿಂದ, 1931ರ ಆಸ್ಟಿನ್ ಸೆವೆನ್

ಮೊದಲು ಆ ವಿಂಗ್ ನಟ್ಟನ್ನು ಪೂರ್ತಿ ಸಡಿಲ ಮಾಡಿ. ಬಿಗಿ ಮಾಡಿದ ಒಂದೊಂದು ಸುತ್ತನ್ನೂ ಹಿಂದಕ್ಕೆ ತಿರುಗಿಸಿ, ಕೇಬಲ್ ಜೋತು ಬೀಳುವವರೆಗೆ. ಹಿಂದಿನ ಬ್ರೇಕಿನದನ್ನೂ ಹೀಗೆಯೇ ಸಡಿಲ ಮಾಡಿ. ಮೂವತ್ತು ವರ್ಷ ಐಟಿಐ ವರ್ಕ್‌ಶಾಪಿನಲ್ಲಿ ಪಾಠ ಹೇಳಿದವನು ನಾನು. ಬ್ರೇಕ್ ಹಿಡಿಯದಿದ್ದರೆ ಎದುರಿಗೆ ಕಂಡ ನಟ್ಟನ್ನು ತಿರುಗಿಸುವುದು ಹುಡುಗರೂ ಮಾಡುತ್ತಿದ್ದ ತಪ್ಪು, ನಾನೂ ನನ್ನ ಗಾಡಿಯಲ್ಲಿ ಮೊದಲ ವರ್ಷ ಮಾಡಿದ ತಪ್ಪು. ಆ ನಟ್ಟು ಇರುವುದು ಕೊನೆಯ ಕೆಲಸಕ್ಕೆ. ಕೆಲಸ ಶುರುವಾಗಬೇಕಾದದ್ದು ಚಕ್ರದೊಳಗೆ.

ಈಗಿನ ಕಾರುಗಳಲ್ಲಿ ಎಣ್ಣೆಯ ಒತ್ತಡ ಎಡ ಬಲದ ಕೊಳವೆಗಳಲ್ಲಿ ಸಾಮಾನ್ಯವಾಗಿ ಒಂದೇ ಆಗಿರುತ್ತದೆ, ಎಡ ಬಲದ ಹಂಚಿಕೆಯನ್ನು ಅದು ತಾನೇ ನೋಡಿಕೊಳ್ಳುತ್ತದೆ. ತಂತಿಗೆ ಆ ನ್ಯಾಯಬುದ್ಧಿ ಇಲ್ಲ. ನಿಮ್ಮ ಪಾದದಿಂದ ಚಕ್ರದವರೆಗೆ ಇರುವ ಪ್ರತಿಯೊಂದು ಪಿನ್ನು, ಬುಷ್, ಕೀಲು ತನ್ನ ಪಾಲು ತಿಂದು ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಬಲಗಡೆ ಯಾವುದೋ ಒಂದು ಜಾಗ ಜಾಸ್ತಿ ತಿನ್ನುತ್ತಿದೆ. ನೀವು ನಟ್ಟು ಬಿಗಿ ಮಾಡಿದಷ್ಟೂ ಎಡಗಡೆಗೇ ಬಡಿಸುತ್ತಿದ್ದೀರಿ.

ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಕೈಬ್ರೇಕನ್ನೂ ಸಡಿಲಿಸಿದ್ದರಿಂದ ಗಾಡಿಯನ್ನು ಹಿಡಿಯುವುದು ಆ ತುಂಡುಗಳಷ್ಟೇ. ಜಾಕಿನಲ್ಲಿ ಎತ್ತಿ, ಸ್ಟ್ಯಾಂಡನ್ನು ಮುಂದಿನ ಆಕ್ಸಲ್‌ನ ಕೆಳಗೆ ಇಡಿ. ಚಾಸಿಗೆ ಇಡಬೇಡಿ. ಚಾಸಿಗೆ ಕೊಟ್ಟರೆ ಆಕ್ಸಲ್ ಕೆಳಕ್ಕೆ ಜೋತು ಬಿದ್ದು, ಕೇಬಲ್ಲಿನ ದಾರಿ ಬದಲಾಗುತ್ತದೆ. ಹಾಗೆ ಹೊಂದಿಸಿದ ಬ್ರೇಕು ಗಾಡಿಯನ್ನು ನೆಲಕ್ಕಿಳಿಸಿದ ಕೂಡಲೇ ಬೇರೆಯೇ ಆಗಿರುತ್ತದೆ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ ಎಂದು ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ. ಆದರೂ ಹೇಳಿದೆ.

ಡ್ರಮ್ (ಚಕ್ರದ ಜೊತೆ ತಿರುಗುವ ಲೋಹದ ಬೋಗುಣಿ) ಬಿಚ್ಚಿದಾಗ ಒಳಗೆ ಕಪ್ಪು ಪುಡಿ ಇರುತ್ತದೆ. ಅದನ್ನು ಊದಬೇಡಿ, ಗಾಳಿ ಹೊಡೆಸಬೇಡಿ. ಆ ಕಾಲದ ಲೈನಿಂಗ್‌ಗಳಲ್ಲಿ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿಗಳಲ್ಲಿ) ಕಲ್ನಾರು ಇತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಂಡು, ಸೋಪಿನ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಿ. ನಮ್ಮ ಕಾಲದಲ್ಲಿ ಬಾಯಲ್ಲೇ ಊದುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇನ್ನು ಮುಖ್ಯ ವಿಷಯ. ಬಲ ಚಕ್ರದ ಲಿವರ್‌ನಿಂದ ಕೇಬಲ್ಲನ್ನು ಕಳಚಿ. ಡ್ರಮ್ಮಿನ ಬಾಯಿ ಮುಚ್ಚುವ ಬ್ಯಾಕ್ ಪ್ಲೇಟಿನ ಹಿಂದೆ ಇರುವ ಆ ಲಿವರನ್ನು ಬೆರಳಲ್ಲಿ ಹಿಡಿದು ಎಳೆದು ಬಿಡಿ. ಬಿಟ್ಟ ಕೂಡಲೇ ಟಪ್ಪೆಂದು ವಾಪಸು ಹೋಗಬೇಕು. ಶೂಗಳನ್ನು (ಲೈನಿಂಗ್ ಹೊತ್ತ ಬಾಗಿದ ತುಂಡುಗಳನ್ನು) ಒಳಕ್ಕೆ ಸೆಳೆಯುವ ಸ್ಪ್ರಿಂಗ್ ಅದನ್ನು ಎಳೆದುಕೊಳ್ಳಬೇಕು. ಸೋಮಾರಿಯಂತೆ ನಿಧಾನಕ್ಕೆ ಹೋದರೆ, ಅಥವಾ ಅರ್ಧದಲ್ಲೇ ನಿಂತರೆ, ಶೂ ಅಗಲಿಸುವ ಕ್ಯಾಮ್‌ನ ದಂಡ ತನ್ನ ಬುಷ್‌ನಲ್ಲಿ ಕಚ್ಚಿಕೊಂಡಿದೆ ಎಂದೇ ಅರ್ಥ. ಹನ್ನೆರಡು ವರ್ಷ ನಿಂತ ಗಾಡಿಯಲ್ಲಿ ಗ್ರೀಸ್ ಗಟ್ಟಿಯಾಗಿ ಅಂಟಾಗಿರುತ್ತದೆ. ನಿಮ್ಮ ಬಲ ಚಕ್ರದ ರೋಗ ಇಲ್ಲೇ ಇದೆ ಎಂಬುದು ನನ್ನ ಗುಮಾನಿ. ಹೊರಕ್ಕೆ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಅತಿ ನಯದ ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ. ತೆಳ್ಳಗೆ ಎಂದೆ. ಅಲ್ಲಿ ಹೆಚ್ಚಾದ ಗ್ರೀಸ್ ಹೋಗಿ ಸೇರುವುದು ಲೈನಿಂಗಿಗೇ.

ಹಾಗೆಯೇ ಲೈನಿಂಗನ್ನು ನೋಡಿ. ಮುಂದಿನ ಹಬ್‌ಗೆ ಪಂಪಿನಲ್ಲಿ ಗ್ರೀಸ್ ತುಂಬುವಾಗ ಕೈ ಜೋರು ಮಾಡಿದರೆ ಅದು ಸೀಲು ದಾಟಿ ಡ್ರಮ್ಮಿಗೆ ಬರುತ್ತದೆ. ಗ್ರೀಸ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕುವವರಿದ್ದಾರೆ. ಹೊರಗೆ ಒಣಗಿದಂತೆ ಕಾಣುತ್ತದೆ. ಬಿಸಿಯಾದಾಗ ಒಳಗಿನದು ಮತ್ತೆ ಮೇಲೆ ಬರುತ್ತದೆ. ಹೊಸದು ಹಾಕಿಸುವುದೇ ಸರಿ. ಹಾಕಿಸಿದ ಮೇಲೆ ಶೂ ಡ್ರಮ್ಮಿಗೆ ಎಲ್ಲಿ ಮುಟ್ಟುತ್ತದೆ ಎಂದು ಪರೀಕ್ಷಿಸಿ. ಲೈನಿಂಗ್ ಮೇಲೆ ಉದ್ದಕ್ಕೂ ಸೀಮೆಸುಣ್ಣ ಬಳಿದು, ಡ್ರಮ್ ಹಾಕಿ, ಲಿವರನ್ನು ಕೈಯಲ್ಲಿ ಸ್ವಲ್ಪ ಎಳೆದು ಹಿಡಿದು ಡ್ರಮ್ಮನ್ನು ಎರಡು ಸುತ್ತು ತಿರುಗಿಸಿ ತೆಗೆಯಿರಿ. ಸುಣ್ಣ ಅಳಿಸಿದ ಕಡೆ ಮಾತ್ರ ಬ್ರೇಕು ಕೆಲಸ ಮಾಡುತ್ತಿದೆ. ನನ್ನ ಗಾಡಿಯಲ್ಲಿ ಮೊದಲ ಸಲ ತೆಗೆದಾಗ ಶೂವಿನ ತುದಿಯಲ್ಲಿ ಹೆಬ್ಬೆರಳಿನಗಲ ಮಾತ್ರ ಅಳಿಸಿತ್ತು! ಅಷ್ಟು ದಿನ ನಾನು ಆ ಹೆಬ್ಬೆರಳಗಲದ ಮೇಲೆ ಧಾರವಾಡಕ್ಕೆ ಹೋಗಿಬಂದಿದ್ದೆ. ಎತ್ತರದ ಭಾಗವನ್ನು ಅರದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ (ಮಾಸ್ಕ್ ಇರಲಿ), ಮತ್ತೆ ಸುಣ್ಣ, ಮತ್ತೆ ಡ್ರಮ್ಮು. ಅರ್ಧ ದಿನದ ಕೆಲಸ. ಡ್ರಮ್ ಓವಲ್ ಆಗಿದ್ದರೆ ಲೇತ್ ಕಾಣಿಸದೆ ದಾರಿಯಿಲ್ಲ, ಆದರೆ ಹಳೆಯ ಡ್ರಮ್ಮುಗಳಲ್ಲಿ ಕೆತ್ತಲು ಲೋಹ ಹೆಚ್ಚು ಉಳಿದಿರುವುದಿಲ್ಲ. ಅಳೆದು ನೋಡಿಯೇ ಕೊಡಿ.

ಲೈನಿಂಗ್ ಸವೆದಷ್ಟೂ ಕ್ಯಾಮ್ ಹೆಚ್ಚು ಹೆಚ್ಚು ತಿರುಗಬೇಕಾಗುತ್ತದೆ. ಒಂದು ಹಂತ ದಾಟಿದರೆ ಅದು ಅಡ್ಡಕ್ಕೆ ನಿಂತುಬಿಡುತ್ತದೆ, ಸ್ಪ್ರಿಂಗ್ ಎಷ್ಟು ಎಳೆದರೂ ಮರಳುವುದಿಲ್ಲ, ಚಕ್ರ ಕಚ್ಚಿಕೊಂಡೇ ಉಳಿಯುತ್ತದೆ. ವಿಂಗ್ ನಟ್ಟನ್ನು ಕೊನೆಯವರೆಗೆ ಬಿಗಿ ಮಾಡಿದವರಿಗೆ ನಡುದಾರಿಯಲ್ಲಿ ಸಿಗುವ ಬಹುಮಾನ ಇದು. ಸವೆತವನ್ನು ತುಂಬಬೇಕಾದದ್ದು ಶೂವಿನ ಬಳಿ: ದಪ್ಪ ಲೈನಿಂಗ್ ಹಾಕಿಸಿ, ಇಲ್ಲವೇ ಕ್ಯಾಮ್ ತಾಗುವ ಶೂ ತುದಿಗೆ ಉಕ್ಕಿನ ತೆಳು ತಗಡು ಕೂರಿಸಿ. ತಂತಿಯನ್ನು ಎಳೆದು ಸವೆತ ತುಂಬುವುದಲ್ಲ.

ಇನ್ನೊಂದು, ಲಿವರ್ ನಿಂತಿರುವ ಕೋನ. ಬ್ರೇಕು ಹಿಡಿದ ಗಳಿಗೆಯಲ್ಲಿ ಲಿವರ್‌ಗೂ ಕೇಬಲ್ಲಿಗೂ ನಡುವೆ ಬಡಗಿಯ ಮೂಲೆಮಟ್ಟ ಇಟ್ಟಂತಿರಬೇಕು. ಆಗ ಎಳೆದ ಬಲವೆಲ್ಲ ತಿರುಗಿಸುವುದಕ್ಕೇ ಹೋಗುತ್ತದೆ. ಲಂಬದಿಂದ 45 ಡಿಗ್ರಿ ತಪ್ಪಿದರೆ ಬಲದಲ್ಲಿ ಸುಮಾರು ಶೇ. 30 ಹಾಳು. ಬ್ರೇಕ್ ಬಿಟ್ಟಾಗ ಲಿವರ್ ಸ್ವಲ್ಪ ಮುಂದಕ್ಕೆ ವಾಲಿರಲಿ, ತುಳಿದಾಗ ಲಂಬಕ್ಕೆ ಬರಲಿ. ಬಿಟ್ಟಾಗಲೇ ಲಂಬ ದಾಟಿದ್ದರೆ, ತುಳಿದಷ್ಟೂ ಬಲ ಕುಗ್ಗುತ್ತಾ ಹೋಗುತ್ತದೆ. ನೀವು ಇನ್ನೂ ಜೋರಾಗಿ ತುಳಿಯುತ್ತೀರಿ, ಅದು ಇನ್ನೂ ಕುಗ್ಗುತ್ತದೆ.

ಇದೆಲ್ಲ ಆದ ಮೇಲೆ ಕೇಬಲ್ ಜೋಡಿಸಿ. ಕೊಕ್ಕೆಪಿನ್ನುಗಳಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ, ಒಮ್ಮೆ ನೆಟ್ಟಗೆ ಮಾಡಿದ ಹಳೆಯದನ್ನು ಮತ್ತೆ ಬಗ್ಗಿಸಬೇಡಿ. ಪೆಡಲಿನ ಎಳೆತವನ್ನು ತಂತಿಗಳಿಗೆ ದಾಟಿಸುವ ಅಡ್ಡ ಶಾಫ್ಟಿನ ಬುಷ್‌ಗಳಿಗೆ ಎಣ್ಣೆ ಕೊಡಿ. ಈಗ ವಿಂಗ್ ನಟ್. ಕೇಬಲ್ಲಿನ ಜೋಲು ಇಲ್ಲವಾಗುವಷ್ಟು ಮಾತ್ರ ತಿರುಗಿಸಿ, ಚಕ್ರ ಉಜ್ಜಲು ಶುರುವಾದ ಜಾಗದಿಂದ ಒಂದಿಷ್ಟು ಹಿಂದಕ್ಕೆ. ಬ್ರೇಕ್ ಬಿಟ್ಟಾಗ ತಂತಿಯಲ್ಲಿ ಬಿಗಿತ ಇರಬಾರದು.

ಅಳೆಯುವುದಕ್ಕೆ ನನ್ನದೊಂದು ಉಪಾಯವಿದೆ. ಒಂದು ಮರದ ಪಟ್ಟಿಗೆ ಮೂರು ಮೆಟ್ಟಿಲು ಕೊರೆದು, ಸೀಟಿಗೂ ಪೆಡಲಿಗೂ ನಡುವೆ ಕೊಟ್ಟು, ಪೆಡಲ್ ಒಂದೇ ಮಟ್ಟದಲ್ಲಿ ಒತ್ತಿ ನಿಲ್ಲುವಂತೆ ಮಾಡುತ್ತೇನೆ. ಟೈರಿನ ಹೊರ ಅಂಚಿಗೆ ಹಗ್ಗ ಸುತ್ತಿ, ಹಗ್ಗದ ತುದಿಗೆ ಸಂತೆಯಲ್ಲಿ ಬಳಸುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುತ್ತೇನೆ. ಚಕ್ರ ಜಾರಿ ತಿರುಗಲು ಶುರುವಾದಾಗ ತಕ್ಕಡಿ ಎಷ್ಟು ಕಿಲೋ ತೋರಿಸಿತು ಎಂದು ಗೋಡೆಯ ಮೇಲೆ ಬರೆಯುತ್ತೇನೆ. ಎಡ ಬಲದ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲಿನ ಒಳಗೆ ಬಂದರೆ ನನಗೆ ಸಾಕು. ಬರದಿದ್ದರೆ, ಚೆನ್ನಾಗಿ ಹಿಡಿಯುವ ಕಡೆಯನ್ನು ಕೆಡಿಸಿ ಸಮ ಮಾಡುವ ಆಸೆ ಬರುತ್ತದೆ. ಬೇಡ. ಹಿಡಿಯದ ಕಡೆ ಏಕೆ ಹಿಡಿಯುತ್ತಿಲ್ಲ ಎಂದು ಮತ್ತೆ ಬಿಚ್ಚಿ ನೋಡಿ.

ಬರ್ಮಿಂಗ್‌ಹ್ಯಾಮ್‌ನಿಂದ, 1929ರ ಆಸ್ಟಿನ್ ಸೆವೆನ್

ನಾನು ದಾವಣಗೆರೆಯವಳು. ಆಸ್ಟಿನ್ ಸೆವೆನ್ ಹುಟ್ಟಿದ ಲಾಂಗ್‌ಬ್ರಿಡ್ಜ್ ಕಾರ್ಖಾನೆಯ ಜಾಗ ನನ್ನ ಮನೆಯಿಂದ ಬಸ್ಸಿನ ದೂರ. ಹುಬ್ಬಳ್ಳಿಯ ಮೇಷ್ಟ್ರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಎರಡು ವಿಷಯ ಸೇರಿಸುತ್ತೇನೆ.

ಮೊದಲು ಒಂದು ಎಚ್ಚರಿಕೆ, ಏಕೆಂದರೆ ಬೇರೆ ಬೇರೆ ವರ್ಷದ ಗಾಡಿಯವರು ಇದನ್ನು ಓದಬಹುದು. 1922ರಲ್ಲಿ ಈ ಗಾಡಿ ಬಂದಾಗ ನಾಲ್ಕೂ ಚಕ್ರಕ್ಕೆ ಬ್ರೇಕ್ ಇದ್ದದ್ದೇ ದೊಡ್ಡ ಸಂಗತಿ. ಎಷ್ಟೋ ದೊಡ್ಡ ಕಾರುಗಳಿಗೆ ಹಿಂದಿನ ಎರಡಕ್ಕೆ ಮಾತ್ರ ಇತ್ತು. ಆದರೆ ಪೆಡಲ್ ತುಳಿದರೆ ಹಿಂದಿನ ಚಕ್ರಗಳು, ಕೈ ಲಿವರ್ ಎಳೆದರೆ ಮುಂದಿನ ಚಕ್ರಗಳು. ಎರಡನ್ನೂ ಜೋಡಿಸಿದ್ದು 1930ರಲ್ಲಿ. ನನ್ನದು ಅದಕ್ಕೆ ಹಿಂದಿನದು. ಜೋರಾಗಿ ನಿಲ್ಲಿಸಬೇಕಾದರೆ ಕಾಲು, ಕೈ ಎರಡೂ ಬೇಕು, ಸ್ಟೀರಿಂಗಿಗೆ ಉಳಿಯುವುದು ಒಂದೇ ಕೈ. 1936ರ ಆಚೆಗಿನ ರೂಬಿ ಮಾದರಿಯ ಸೆವೆನ್‌ಗಳಲ್ಲಿ ಗರ್ಲಿಂಗ್ ಎಂಬ ಬೇರೆ ಬಗೆಯ ಶೂಗಳಿವೆ, ಅವುಗಳನ್ನು ಹೊಂದಿಸುವ ಕ್ರಮ ಬೇರೆ. ಮೈಸೂರಿನವರ 1933ರದ್ದು ಕ್ಯಾಮ್‌ನದೇ, ಆದ್ದರಿಂದ ಮೇಷ್ಟ್ರ ಕ್ರಮ ಹೊಂದುತ್ತದೆ.

ನಾನು ಸೇರಿಸುವ ಮೊದಲನೆಯದು: ಮುಂದಿನ ಬ್ರೇಕು ಹಿಂದಿನದಕ್ಕಿಂತ ಕಷ್ಟದ್ದು, ಏಕೆಂದರೆ ಅದು ಮೂರು ಬಗೆಯಲ್ಲಿ ಅಲುಗಾಡುತ್ತದೆ. ಸ್ಪ್ರಿಂಗ್ ಕುಣಿಯುತ್ತದೆ, ಚಕ್ರ ಎಡ ಬಲ ತಿರುಗುತ್ತದೆ, ಮತ್ತು ಬ್ರೇಕು ಹಿಡಿದಾಗ ಆಕ್ಸಲ್ಲೇ ತಿರುಚಿಕೊಳ್ಳಲು ನೋಡುತ್ತದೆ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಡ್ರಮ್ಮು ಶೂವನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದಲ್ಲವೇ? ಶೂ ಬ್ಯಾಕ್ ಪ್ಲೇಟನ್ನು, ಪ್ಲೇಟು ಆಕ್ಸಲ್ಲನ್ನು ಎಳೆಯುತ್ತದೆ. ಆಕ್ಸಲ್‌ನ ಮೇಲ್ಭಾಗ ಮುಂದಕ್ಕೆ, ಕೆಳಭಾಗ ಹಿಂದಕ್ಕೆ ವಾಲುತ್ತದೆ. ಕೇಬಲ್ ಸಿಕ್ಕಿಸಿದ ಲಿವರ್‌ನ ತುದಿ ಆಕ್ಸಲ್ಲಿಗಿಂತ ಕೆಳಗಿದ್ದರೆ, ಆ ತುದಿ ಕೇಬಲ್ ಕಡೆಗೇ ಸರಿದು ತಂತಿ ಸಡಿಲವಾಗುತ್ತದೆ. ಎಂದರೆ ಬ್ರೇಕು ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ. ಮೇಲಿದ್ದರೆ ಉಲ್ಟಾ, ತಾನೇ ಬಿಗಿದುಕೊಂಡು ಕಚ್ಚುತ್ತದೆ. ಸ್ಟ್ಯಾಂಡ್ ಮೇಲೆ ಎಷ್ಟು ಚೆನ್ನಾಗಿ ಹೊಂದಿಸಿದರೂ ರಸ್ತೆಯಲ್ಲಿ ಬ್ರೇಕು ಬೇರೆಯೇ ವರ್ತಿಸುವುದಕ್ಕೆ ಬಹಳ ಸಲ ಇದೇ ಕಾರಣ.

ಈ ತಿರುಚುವಿಕೆಯನ್ನು ತಡೆಯುವುದು ಆಕ್ಸಲ್ಲಿನಿಂದ ಹಿಂದಕ್ಕೆ ಬಂದು ಚಾಸಿಯ ನಡುವೆ ಒಂದು ಗುಂಡುಕೀಲಿನಲ್ಲಿ ಸೇರುವ ಎರಡು ಕೈಗಳು. ಆ ಕೀಲು ಸವೆದು ಸಡಿಲವಾಗಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಒಬ್ಬರು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಲಿ, ಇನ್ನೊಬ್ಬರು ಬ್ರೇಕ್ ಒತ್ತಿ ಬಿಟ್ಟು ಮಾಡಲಿ, ನೀವು ಪಕ್ಕದಲ್ಲಿ ಕುಳಿತು ಆ ಕೀಲನ್ನೂ ಸ್ಪ್ರಿಂಗಿನ ಬೋಲ್ಟುಗಳನ್ನೂ ಟಾರ್ಚ್ ಬಿಟ್ಟು ನೋಡಿ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಮೊದಲು ಅದನ್ನು ಸರಿಪಡಿಸಿ.

ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಎರಡೂ ಮುಂದಿನ ಚಕ್ರಗಳನ್ನು ಕೈಯಲ್ಲಿ ಸುತ್ತಿಸಿ ನೋಡಿ. ಪೂರ್ತಿ ಬಲಕ್ಕೆ ತಿರುಗಿಸಿ ಇನ್ನೊಮ್ಮೆ. ಕೇಬಲ್ ಎಳೆಯುವ ಬಿಂದು, ಚಕ್ರ ಎಡ ಬಲ ತಿರುಗುವ ಕೀಲಾದ ಕಿಂಗ್ ಪಿನ್ನಿನ ನೇರಕ್ಕೆ ಇಲ್ಲದಿದ್ದರೆ ಚಕ್ರ ತಿರುಗಿದಾಗ ತಂತಿ ಬಿಗಿಯಾಗುತ್ತದೆ ಅಥವಾ ಜೋಲುತ್ತದೆ. ನೇರಕ್ಕೆ ಹೊಂದಿಸಿ ಖುಷಿಪಟ್ಟು, ಮನೆಯ ಮೂಲೆ ತಿರುಗುವಾಗ ಒಳಗಿನ ಚಕ್ರ ಕಚ್ಚಿ, ಗಾಡಿ ಪಕ್ಕದ ಮನೆಯವರ ಬೇಲಿಯ ಕಡೆ ಹೋದದ್ದು ನನ್ನ ಅನುಭವ. ಬೇಲಿ ಉಳಿಯಿತು. ಗುಲಾಬಿ ಗಿಡ ಉಳಿಯಲಿಲ್ಲ.

ಎರಡನೆಯದು ಅಳತೆ. ಇಲ್ಲಿ 1960ಕ್ಕೆ ಮೊದಲಿನ ಗಾಡಿಗಳಿಗೆ ವಾರ್ಷಿಕ ಪರೀಕ್ಷೆಯಿಂದ 2012ರಲ್ಲೇ ವಿನಾಯಿತಿ ಸಿಕ್ಕಿತು. ಆದರೂ ನಾನು ವರ್ಷಕ್ಕೊಮ್ಮೆ ಹಣ ಕೊಟ್ಟು ಬ್ರೇಕ್ ಅಳೆಯುವ ರೋಲರ್ ಯಂತ್ರದ ಮೇಲೆ ಹತ್ತಿಸುತ್ತೇನೆ. ಪ್ರತಿ ಚಕ್ರದ ಹಿಡಿತವನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಮೇಷ್ಟ್ರ ತಕ್ಕಡಿ ಮಾಡುವುದೂ ಅದನ್ನೇ, ಅದಕ್ಕೆ ವಿದ್ಯುತ್ ಬಿಲ್ಲೂ ಇಲ್ಲ.

ಬೆಂಗಳೂರಿನಿಂದ

ಇಷ್ಟೆಲ್ಲ ಏಕೆ? ಒಂದು ಹೈಡ್ರಾಲಿಕ್ (ಎಣ್ಣೆಯ ಬ್ರೇಕಿನ) ಸೆಟ್ ಕೂರಿಸಿದರೆ ಒಂದು ವಾರದಲ್ಲಿ ಮುಗಿಯಿತು. ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನಿಲ್ಲ. ಜೀವಕ್ಕಿಂತ ಹಳೆತನ ದೊಡ್ಡದೇ?

ಹುಬ್ಬಳ್ಳಿಯಿಂದ ಮತ್ತೆ

ಕೂರಿಸುವವರಿದ್ದಾರೆ, ತಪ್ಪೆನ್ನುವುದಿಲ್ಲ. ಆದರೆ ಕಚ್ಚಿಕೊಂಡ ಕ್ಯಾಮ್, ಸವೆದ ಕೀಲು, ಗ್ರೀಸ್ ಕುಡಿದ ಲೈನಿಂಗ್ ಇರುವ ಗಾಡಿಗೆ ಎಣ್ಣೆ ಹಾಕಿದರೆ ಏನಾಗುತ್ತದೆ ಎಂದು ಯೋಚಿಸಿ. ಕೀಲು ಸವೆದೇ ಇರುತ್ತದೆ, ಗ್ರೀಸ್ ಬರುತ್ತಲೇ ಇರುತ್ತದೆ. ಇವರು ಕೇಳಿದ್ದು ಹೇಗೆ ಹೊಂದಿಸುವುದು ಎಂದು. ಫ್ರಾನ್ಸಿನಲ್ಲಿ ಕಾರು ಕಟ್ಟುತ್ತಿದ್ದ ಬುಗಾಟಿಯಂಥವನು 1930ರ ದಶಕದ ಕೊನೆಯ ಭಾಗದವರೆಗೂ ಕೇಬಲ್ ಬ್ರೇಕಿನಲ್ಲೇ ರೇಸಿನ ಕಾರುಗಳನ್ನು ಓಡಿಸಿದ. ಅಮೆರಿಕದ ಡ್ಯೂಸನ್‌ಬರ್ಗ್ ಕಂಪನಿ 1921ರಲ್ಲೇ ನಾಲ್ಕೂ ಚಕ್ರಕ್ಕೆ ಎಣ್ಣೆಯ ಬ್ರೇಕು ಕೊಟ್ಟಿದ್ದರೂ ಈತ ಜಗ್ಗಲಿಲ್ಲ. ಅದು ಅವನ ಹಟ ಎಂದೂ ಹೇಳಬಹುದು. ಆದರೆ ಚೆನ್ನಾಗಿ ಹೊಂದಿಸಿದ ತಂತಿ ಗಾಡಿಯನ್ನು ನಿಲ್ಲಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಂಗಳೂರಿನಿಂದ, 1937ರ ಫೋರ್ಡ್ ವಿ8

ನಮ್ಮದು ದೊಡ್ಡ ಗಾಡಿ. ಫೋರ್ಡ್‌ನವರು ಆ ವರ್ಷ ಸರಳು ಬಿಟ್ಟು ಕೇಬಲ್ಲಿಗೆ ಬಂದರು, ಎರಡೇ ವರ್ಷದಲ್ಲಿ, 1939ರಲ್ಲಿ, ಅದನ್ನೂ ಬಿಟ್ಟು ಎಣ್ಣೆಗೆ ಹೋದರು. ನಡುವಿನ ಸಂತಾನವನ್ನು ಸಾಕುವ ಭಾಗ್ಯ ನಮ್ಮದು. ಆಸ್ಟಿನ್‌ನಲ್ಲಿ ತಂತಿ ಬಯಲಲ್ಲಿರುತ್ತದೆ, ನಮ್ಮಲ್ಲಿ ಅದು ಕವಚದೊಳಗೆ ಸಾಗುತ್ತದೆ. ಕವಚ ಇದ್ದರೆ ಆಕ್ಸಲ್ ಕುಣಿತದ ತೊಂದರೆ ಕಡಿಮೆ, ಆದರೆ ಒಳಗೆ ಏನು ನಡೆದಿದೆ ಎಂದು ಕಾಣುವುದಿಲ್ಲ. ಕರಾವಳಿಯ ಮಳೆಗೆ ಕವಚದೊಳಗೆ ನೀರು ಇಳಿದು ನಿಂತರೆ ಮುಗಿಯಿತು. ಮೇ ತಿಂಗಳಲ್ಲಿ ಬೆಣ್ಣೆಯಂತಿದ್ದ ಪೆಡಲ್ ಸೆಪ್ಟೆಂಬರ್‌ನಲ್ಲಿ ಕಲ್ಲಾಗಿರುತ್ತದೆ. ಪ್ರತಿವರ್ಷ ಮಳೆಗೆ ಮೊದಲು ತಂತಿಯನ್ನು ಹೊರಗೆಳೆದು, ಒರೆಸಿ, ಗ್ರೀಸ್ ಬಳಿದು ಹಾಕುತ್ತೇವೆ. ಕವಚಕ್ಕೆ ತಿರುವು ಹೆಚ್ಚಿದಷ್ಟೂ ಉಜ್ಜುವಿಕೆ ಹೆಚ್ಚು, ಆದ್ದರಿಂದ ಅಂದ ನೋಡಿ ಸುತ್ತಿಸಿ ಕಟ್ಟಬೇಡಿ. ಕವಚದ ಎರಡು ತುದಿಗಳೂ ಗಟ್ಟಿಯಾಗಿ ಕೂತಿರಬೇಕು. ಒಂದು ತುದಿ ಸಡಿಲವಿದ್ದರೆ ಪೆಡಲ್ ತುಳಿದಾಗ ತಂತಿಯ ಬದಲು ಕವಚವೇ ಸರಿಯುತ್ತದೆ.

ಕೇಬಲ್ ಪರೀಕ್ಷೆಗೆ ಅಪ್ಪ ಹೇಳಿಕೊಟ್ಟದ್ದು ಇಷ್ಟೆ: ಹಳೆಯ ಹತ್ತಿ ಪಂಚೆಯ ತುಂಡನ್ನು ತಂತಿಗೆ ಸುತ್ತಿ ಉದ್ದಕ್ಕೂ ಎಳೆಯಿರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಒಂದು ಎಳೆ ಮುರಿದಿದೆ. ಒಂದೇ ಎಳೆ ತಾನೇ ಎಂದು ಬಿಡಬೇಡಿ, ತೆಗೆದುಹಾಕಿ. ಬಹುಪಾಲು ಮುರಿಯುವುದು ತುದಿಯ ಲೋಹದ ಗುಂಡಿಯ ಕೊರಳಲ್ಲಿ, ರಾಟೆಯ ಬಾಗಿನಲ್ಲಿ.

ಇನ್ನೊಂದು ನಮ್ಮ ಸ್ವಂತ ಪಾಡು. ಒಂದು ಸಲ ಊರಲ್ಲೇ ಒಬ್ಬರ ಬಳಿ ಕೇಬಲ್ ಮಾಡಿಸಿದೆವು. ತುದಿಯನ್ನು ಬರೀ ಬೆಸುಗೆಯಲ್ಲಿ ನಿಲ್ಲಿಸಿಕೊಟ್ಟಿದ್ದರು. ತಂತಿಯ ಎಳೆಗಳನ್ನು ಗುಂಡಿಯೊಳಗೆ ಹೂವಿನಂತೆ ಬಿಡಿಸಿ ಬೆಸೆದಿರಲಿಲ್ಲ, ನೆಟ್ಟಗೆ ತೂರಿಸಿ ಸೀಸ ಸುರಿದಿದ್ದರು. ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೆಯ ಗೇರಿನಲ್ಲಿದ್ದೆವು, ಅದೇ ಪುಣ್ಯ. ಒಂದು ತಿರುವಿನಲ್ಲಿ ಪೆಡಲ್ ಮೆತ್ತಗಾಯಿತು, ಟಣ್ಣೆಂದು ಸದ್ದು ಬಂತು, ಗಾಡಿ ಬಂಡೆಯ ಕಡೆ ತಿರುಗಿತು. ಕೈಬ್ರೇಕ್, ಗೇರು, ಕೊನೆಗೆ ಪಕ್ಕದ ಚರಂಡಿಯ ಮಣ್ಣು, ಮೂರೂ ಸೇರಿ ನಿಲ್ಲಿಸಿದವು. ಅಪ್ಪ ಇಳಿದು ಆ ಬೆಸುಗೆಯ ಗುಂಡಿಯನ್ನು ಹುಡುಕಿ ಜೇಬಿಗೆ ಹಾಕಿಕೊಂಡರು. ಅದು ಈಗಲೂ ನಮ್ಮ ಮನೆಯ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ. ಹೊಸ ಕೇಬಲ್ ಹಾಕಿಸಿದ ಮೈಸೂರಿನವರು ತುದಿಯನ್ನು ಹೇಗೆ ಕೂರಿಸಿದ್ದಾರೆ ಎಂದು ಕಣ್ಣಾರೆ ನೋಡಲಿ ಎಂದೇ ಇದನ್ನು ಬರೆದೆ. ಘಾಟಿಯಲ್ಲಿ ಹತ್ತುವ ಗೇರಿನಲ್ಲೇ ಇಳಿಯಿರಿ, ಕಾಯ್ದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಆಗ ಪೆಡಲ್ ಎಷ್ಟು ತುಳಿದರೂ ಸಾಲದು.

ಮುಂದೆ ಹಿಂದೆ ಹಂಚಿಕೆಯಲ್ಲಿ ನಮ್ಮ ಅಪ್ಪನ ಮಾತು ಬೇರೆ: ಹಿಂದಿನ ಚಕ್ರ ಒಂದು ಕೂದಲಿನಷ್ಟು ಮೊದಲು ಹಿಡಿಯಲಿ. ಮಳೆಯ ಕೆಸರಿನಲ್ಲಿ ಮುಂದಿನದು ಕಚ್ಚಿದರೆ ಸ್ಟೀರಿಂಗ್ ಸತ್ತಂತೆ.

ಹುಬ್ಬಳ್ಳಿಯಿಂದ

ನಾನು ಒಪ್ಪುವುದಿಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದದ್ದು ಕಚ್ಚಿದರೆ ಗಾಡಿಯ ಬಾಲ ಮುಂದೆ ಬರುತ್ತದೆ. ಮೂಗು ನೇರ ಹೋದರೆ ಬ್ರೇಕ್ ಸ್ವಲ್ಪ ಬಿಟ್ಟು ತಿದ್ದಿಕೊಳ್ಳಬಹುದು, ಬಾಲ ತಿರುಗಿದರೆ ತಿದ್ದಲು ಸಮಯವಿರುವುದಿಲ್ಲ. ಆದರೆ ಕೆಸರಿನಲ್ಲಿ ನಲವತ್ತು ವರ್ಷ ಓಡಿಸಿದ ಹಿರಿಯರ ಕಾಲಿಗೆ ಅವರದೇ ಲೆಕ್ಕ ಇರುತ್ತದೆ, ನಾನು ಅವರಿಗೆ ಪಾಠ ಹೇಳುವವನಲ್ಲ. ಮೈಸೂರಿನವರು ಮುಂದಿನದನ್ನೇ ಮೊದಲು ಹಿಡಿಸಲಿ.

ಮೈಸೂರಿನಿಂದ, ಹದಿನೆಂಟು ದಿನದ ಮೇಲೆ

ಮೇಷ್ಟ್ರೇ, ನಿಮ್ಮ ಗುಮಾನಿ ಸರಿಯಾಗಿತ್ತು. ಬಲ ಚಕ್ರದ ಲಿವರನ್ನು ಎಳೆದು ಬಿಟ್ಟೆ, ಅದು ಎಳೆದಲ್ಲೇ ನಿಂತಿತು. ಕ್ಯಾಮ್ ಹೊರಗೆ ಬರಲು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಯಬೇಕಾಯಿತು. ಒಳಗಿನ ಗ್ರೀಸ್ ಹಳೆಯ ಬೆಲ್ಲದಂತೆ ಉಗುರಿನಲ್ಲಿ ಕೆರೆಯುವ ಹದಕ್ಕೆ ಬಂದಿತ್ತು. ಅದೇ ಚಕ್ರದ ಲೈನಿಂಗಿನ ಮೇಲೂ ಗ್ರೀಸ್, ಅದಕ್ಕೆ ಹೊಣೆ ನಾನೇ. ದೀಪಾವಳಿಗೆ ಮೊದಲು ಹಬ್ ತುಂಬುವಾಗ ಪಂಪು ಹೊಡೆದದ್ದೇ ಹೊಡೆದದ್ದು. ಎರಡೂ ಕಡೆ ಹೊಸ ಲೈನಿಂಗ್ ಹಾಕಿಸಿದೆ. ಸೀಮೆಸುಣ್ಣದ ಪರೀಕ್ಷೆಯನ್ನು ನನ್ನ ಮಗಳು ವಹಿಸಿಕೊಂಡಳು, ಡ್ರಮ್ ತಿರುಗಿಸಿ ತೆಗೆದಾಗಲೆಲ್ಲ 'ಇನ್ನೂ ಬಿಳಿ ಇದೆ ಅಪ್ಪಾ' ಎಂದು ಕೂಗುತ್ತಿದ್ದಳು. ಐದನೆಯ ಸಲಕ್ಕೆ ಮುಕ್ಕಾಲು ಪಾಲು ಅಳಿಸಿತು.

ಬರ್ಮಿಂಗ್‌ಹ್ಯಾಮ್‌ನ ಅಕ್ಕನವರು ಹೇಳಿದಂತೆ ಗಾಡಿ ತಳ್ಳಿಸಿ ಕೀಲು ನೋಡಿದೆ. ಚೆನ್ನಾಗಿಯೇ ಕಾಣುವಷ್ಟು ಅಲುಗುತ್ತಿತ್ತು. ಅದನ್ನು ಬಿಗಿಗೊಳಿಸಿದೆವು. ಕೇಬಲ್ಲಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದೆ, ಎಳೆಗಳು ಬಿಡಿಸಿಕೊಂಡೇ ಇವೆ. ಆದರೂ ಮಂಗಳೂರಿನವರ ಡಬ್ಬಿ ನೆನಪಾಗಿ ಎರಡು ಸಲ ನೋಡಿದೆ.

ತಕ್ಕಡಿ ಮೊದಲ ದಿನ ಎಡಕ್ಕೆ 14 ಕಿಲೋ, ಬಲಕ್ಕೆ 9 ತೋರಿಸಿತು. ಬಲಗಡೆ ಲಿವರ್ ಲಂಬ ದಾಟಿ ನಿಂತಿತ್ತು. ಶೂ ತುದಿಗೆ ತಗಡು ಕೊಟ್ಟ ಮೇಲೆ 14ಕ್ಕೆ 13. ನಿನ್ನೆ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಿಂದ ಸ್ಟೀರಿಂಗನ್ನು ಹಗುರವಾಗಿ ಹಿಡಿದು ತುಳಿದೆ. ನೇರ ನಿಂತಿತು. ಇನ್ನೊಮ್ಮೆ ತುಳಿದೆ, ನೇರವೇ ನಿಂತಿತು. ಮೂರನೆಯ ಸಲ ಸುಮ್ಮನೆ ಖುಷಿಗೆ.

ಒಂದು ಪ್ರಶ್ನೆ ಉಳಿದಿದೆ. ಇವತ್ತು ನೋಡಿದರೆ ಪೆಡಲ್ ಮತ್ತೆ ಒಂದು ಬೆರಳಿನಷ್ಟು ಕೆಳಗೆ ಹೋಗುತ್ತಿದೆ. ಎಲ್ಲ ಹಾಳಾಯಿತೇ?

ಹುಬ್ಬಳ್ಳಿಯಿಂದ

ಹಾಳಾಗಿಲ್ಲ. ಹೊಸ ತಂತಿ ಹಿಗ್ಗುತ್ತದೆ, ಹೊಸ ಲೈನಿಂಗ್ ಕೂತುಕೊಳ್ಳುತ್ತದೆ. ಮೊದಲ 100 ಕಿಲೋಮೀಟರಿಗೆ ಒಮ್ಮೆ, 300ಕ್ಕೆ ಇನ್ನೊಮ್ಮೆ ನೋಡಿ. ಮೊದಲು ಚಕ್ರಗಳನ್ನು ಎತ್ತಿ ಕೈಯಲ್ಲಿ ತಿರುಗಿಸಿ, ಎಡ ಬಲ ಎರಡೂ ಸಲೀಸಾಗಿದ್ದರೆ ಮಾತ್ರ ಈಗ ಆ ವಿಂಗ್ ನಟ್ಟಿಗೆ ಕೈ ಹಾಕಬಹುದು. ಅರ್ಧ ಸುತ್ತು. ಇವತ್ತು ಅದು ನಿಂತ ಜಾಗದಲ್ಲಿ ಥ್ರೆಡ್ಡಿನ ಮೇಲೆ ಬಿಳಿ ಬಣ್ಣದ ಒಂದು ಗೀಟು ಎಳೆದಿಡಿ. ಗೀಟಿನಿಂದ ನಟ್ಟು ಮೂರು ಸುತ್ತು ದಾಟಿದ ದಿನ ಮತ್ತೆ ಡ್ರಮ್ ಬಿಚ್ಚಿ. ಶ್ರೀರಂಗಪಟ್ಟಣಕ್ಕೆ ಹೋಗುವಾಗ ಮುಂದಿನ ಗಾಡಿಯಿಂದ ದೂರ ಇರಿ, ಅವರ ಬ್ರೇಕು ನಿಮ್ಮದಕ್ಕಿಂತ ಚೆನ್ನಾಗಿದೆ.